ನಲ್ಲಿ ಬಿಚ್ಚುವ ಮೊದಲು ಟ್ಯಾಂಕ್ ನೋಡು

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ಗಾಬರಿ ಕೇಳಿಸಿತು ಕಣೋ. ಸೋಮವಾರದವರೆಗೆ ಚೆನ್ನಾಗಿ ಓಡುತ್ತಿದ್ದ ವರ್ಚುವಲ್ ಮಷೀನ್ ಇದ್ದಕ್ಕಿದ್ದಂತೆ ತೆವಳುತ್ತಿದೆ, ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದಾರೆ. "ಇನ್ನೆರಡು ಸಿಪಿಯು, 8 ಜಿಬಿ ರ‍್ಯಾಮ್ ಜಾಸ್ತಿ ಮಾಡಿಬಿಡಲಾ ಮಾವ?" ಅಂದೆ. ತಡೆ. ಹಾಗೆ ಮಾಡಿ ಕೈ ಸುಟ್ಟುಕೊಂಡವನು ನಾನು.

ನಾವು ಹುಡುಗರಾಗಿದ್ದಾಗ ಇದ್ದದ್ದು ವಠಾರದಲ್ಲಿ. ಮೇಲೆ ಒಂದೇ ಟ್ಯಾಂಕ್, ಕೆಳಗೆ ಎಂಟು ಮನೆ. ನಲ್ಲಿಯಲ್ಲಿ ನೀರು ಸಣ್ಣಗಾದರೆ ನಿನ್ನ ಅಜ್ಜಿ ನಲ್ಲಿ ಬಿಚ್ಚಲು ಹೋಗುತ್ತಿರಲಿಲ್ಲ. "ಪಕ್ಕದ ಮನೆಯಲ್ಲೂ ಹೀಗೇನಾ, ಕೇಳ್ಕೊಂಡು ಬಾ" ಅನ್ನುತ್ತಿದ್ದಳು. ನಿನ್ನ ವಿಎಂ ಕೂಡ ವಠಾರದ ಒಂದು ಮನೆ. ಸಿಪಿಯು, ಮೆಮೊರಿ, ಡಿಸ್ಕ್ ಎಲ್ಲ ಹೋಸ್ಟ್ ಎಂಬ ಒಂದೇ ಟ್ಯಾಂಕಿನಿಂದ ಬರುತ್ತವೆ. ಹಾಗಾಗಿ ಮೊದಲು ಎರಡು ಪ್ರಶ್ನೆ ಕೇಳು: ಅದೇ ಹೋಸ್ಟ್‌ನ ಬೇರೆ ವಿಎಂಗಳೂ ನಿಧಾನವೇ? ಸೋಮವಾರದಿಂದ ಈಚೆಗೆ ಏನು ಬದಲಾಯಿತು? ಬ್ಯಾಕಪ್ ವೇಳೆ, ಅಪ್‌ಡೇಟ್, ಹೋಸ್ಟ್ ಬದಲಾವಣೆ, ಏನಾದರೂ ಇದ್ದೇ ಇರುತ್ತದೆ.

ಆಮೇಲೆ ಒಳಗೆ ಇಣುಕು. ಲಿನಕ್ಸ್‌ನಲ್ಲಿ 'ಟಾಪ್' ಹಾಕಿದರೆ ಸಿಪಿಯು ಸಾಲಿನಲ್ಲಿ ಮೂರು ಅಂಕಿ ಮುಖ್ಯ. 'ಯುಎಸ್' ಏರಿದ್ದರೆ ನಿನ್ನದೇ ಪ್ರೋಗ್ರಾಂ ದುಡಿಯುತ್ತಿದೆ, ಯಾವುದೆಂದು ಕೆಳಗಿನ ಪಟ್ಟಿಯೇ ಹೇಳುತ್ತದೆ. 'ಡಬ್ಲ್ಯುಎ' ಏರಿದ್ದರೆ ಸಿಪಿಯು ಡಿಸ್ಕಿಗಾಗಿ ಕಾಯುತ್ತಾ ಕೂತಿದೆ. 'ಎಸ್‌ಟಿ' ಏರಿದ್ದರೆ ನಿನ್ನ ಮಷೀನ್ ಕೆಲಸಕ್ಕೆ ಸಿದ್ಧವಿದ್ದರೂ ಹೋಸ್ಟ್ ಆ ಸಮಯವನ್ನು ಬೇರೆಯವರಿಗೆ ಕೊಟ್ಟಿದೆ, ಅಂದರೆ ಪಕ್ಕದ ಮನೆಯವರು ನೀರು ಎಳೆಯುತ್ತಿದ್ದಾರೆ. ಕೆವಿಎಂ, ಝೆನ್‌ಗಳಲ್ಲಿ ಇದು ಕಾಣುತ್ತದೆ. ವಿಎಂವೇರ್ ಆದರೆ ಹೋಸ್ಟ್ ಕಡೆಯ 'ಸಿಪಿಯು ರೆಡಿ' ಕೇಳು. ಅದರ 20 ಸೆಕೆಂಡಿನ ಚಾರ್ಟಿನಲ್ಲಿ ಒಂದು ವಿಸಿಪಿಯುಗೆ 1000 ಮಿಲಿಸೆಕೆಂಡ್ ಅಂದರೆ ಶೇ. 5ರಷ್ಟು ಹೊತ್ತು ಸುಮ್ಮನೆ ಕಾಯ್ದದ್ದು. ಸ್ವಾಪ್ ಬಳಕೆಯನ್ನೂ ನೋಡು. ಹೋಸ್ಟ್‌ಗೆ ಮೆಮೊರಿ ಸಾಲದಾದಾಗ 'ಬಲೂನ್' ಉಬ್ಬಿಸಿ ನಿನ್ನ ರ‍್ಯಾಮ್ ವಾಪಸ್ ಕೀಳುತ್ತದೆ. ಆಗ ಏನೂ ತಪ್ಪು ಮಾಡದ ವಿಎಂ ಕೂಡ ಡಿಸ್ಕಿಗೆ ಸ್ವಾಪ್ ಮಾಡತೊಡಗುತ್ತದೆ.

ಈಗ ನನ್ನ ಕಥೆ. ಹಳೆಯ ಆಫೀಸಿನಲ್ಲಿ ಒಂದು ಡೇಟಾಬೇಸ್ ವಿಎಂ ಹೀಗೇ ಕುಂಟತೊಡಗಿತು. ಅಂಕಿ ನೋಡದೆ ಎರಡಿದ್ದ ವಿಸಿಪಿಯು ನಾಲ್ಕು ಮಾಡಿದೆ. ಇನ್ನೂ ನಿಧಾನವಾಯಿತು! ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಒಂದು ಸೀಟು ಹೇಗೋ ಸಿಗುತ್ತದೆ, ಅಕ್ಕಪಕ್ಕ ನಾಲ್ಕು ಬೇಕೆಂದರೆ ಕಾಯಬೇಕು. ತುಂಬಿದ ಹೋಸ್ಟ್‌ನಲ್ಲೂ ಅದೇ ಪಾಡು. ಎರಡು ದಿನ ಒದ್ದಾಡಿದ ಮೇಲೆ ಕಂಡದ್ದು, ಅಪ್‌ಗ್ರೇಡ್‌ಗೆ ಮುಂಚೆ ನಾನೇ ತೆಗೆದು ಮರೆತಿದ್ದ ನಾಲ್ಕು ತಿಂಗಳ ಸ್ನ್ಯಾಪ್‌ಶಾಟ್. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ, ಡಿಸ್ಕಿನ ಕಾಯಿಲೆಗೆ ಸಿಪಿಯುಗೆ ಮದ್ದು ಕೊಟ್ಟಿದ್ದೆ. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಹೊಸ ಬರಹವೆಲ್ಲ ಬೇರೆ ಫೈಲಿಗೆ ಹೋಗುತ್ತದೆ. ಅದು ಬೆಳೆಯುತ್ತಲೇ ಇರುತ್ತದೆ, ಓದುವಾಗ ಎರಡೂ ಕಡೆ ಹುಡುಕಬೇಕು. 72 ಗಂಟೆಗಿಂತ ಹೆಚ್ಚು ಇಡಬೇಡಿ ಅನ್ನುವುದು ವಿಎಂವೇರ್‌ನದೇ ಸಲಹೆ. ನೀನು ಅಳಿಸುವಾಗ ಡೇಟಾಸ್ಟೋರಿನಲ್ಲಿ ಜಾಗವಿದೆಯೇ ನೋಡಿ, ಕೆಲಸ ಕಡಿಮೆ ಇರುವ ಹೊತ್ತಿನಲ್ಲಿ ಅಳಿಸು. ಹಳೆಯ ಸ್ನ್ಯಾಪ್‌ಶಾಟ್ ಸೇರಿಸಿಕೊಳ್ಳುವುದೇ ಡಿಸ್ಕಿಗೆ ದೊಡ್ಡ ಹೊರೆ.

ಮುಂದೆ ಕ್ಲೌಡ್ ಕೆಲಸ ಬಂದರೆ ಇದನ್ನೂ ನೆನಪಿಡು. ಅಮೆಜಾನ್‌ನ ಟಿ2.ಮೈಕ್ರೋ ತರಹದವು ಸಂಬಳದ ಮೇಲೆ ಬದುಕುವವು. ಗಂಟೆಗೆ 6 ಕ್ರೆಡಿಟ್ ಗಳಿಕೆ, ಪೂರ್ತಿ ವೇಗದ ಒಂದು ನಿಮಿಷಕ್ಕೆ 1 ಕ್ರೆಡಿಟ್ ಖರ್ಚು. ಕೂಡಿಟ್ಟದ್ದು ಮುಗಿದರೆ ಶೇ. 10ರ ವೇಗಕ್ಕೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಅದೂ "ಇದ್ದಕ್ಕಿದ್ದಂತೆ" ಆದದ್ದೇ. ಮನೆಯ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್ ಕೆಳಮೂಲೆಯಲ್ಲಿ ಹಸಿರು ಆಮೆ ಕಂಡರೆ, ವಿಂಡೋಸ್‌ನ ಹೈಪರ್-ವಿ ಎದ್ದು ಕೂತಿದೆ ಎಂದರ್ಥ.

ರೀಸ್ಟಾರ್ಟ್ ಮಾಡಲು ಕೈ ತುರಿಸುತ್ತದೆ, ಗೊತ್ತು. ಮಾಡಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ, ಮೊದಲು ಅಂಕಿಗಳನ್ನು ಬರೆದುಕೋ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಹೋಸ್ಟ್ ನೋಡಿಕೊಳ್ಳುವವರ ಹತ್ತಿರ "ಸ್ಲೋ ಆಗಿದೆ ಸಾರ್" ಅಂತ ಹೋಗಬೇಡ. "ಮಧ್ಯಾಹ್ನ ಎರಡರಿಂದ ಎಸ್‌ಟಿ 30 ಇದೆ" ಅಂತ ಹೋಗು, ಅವರೂ ಕುರ್ಚಿಯಿಂದ ಏಳುತ್ತಾರೆ.

ಇವತ್ತು ರಾತ್ರಿ ಮತ್ತೆ ಫೋನ್ ಮಾಡು. ರ‍್ಯಾಮ್ ಮಾತು ಆಮೇಲೆ. ಪಕ್ಕದ ಮನೆಯಲ್ಲಿ ಕೇಳಿಕೊಂಡು ಬಂದೆಯಾ ಅಂತ ಮೊದಲು ಕೇಳುತ್ತೇನೆ.