ಮನೆಬಾವಿಯ ನೀರಿಗೆ ಕ್ಲೋರಿನ್ ಮತ್ತು ಫಿಲ್ಟರ್: ಹಂತ ಹಂತವಾಗಿ

ಕರಾವಳಿ, ಮಲೆನಾಡಿನ ಊರುಗಳಲ್ಲಿ ಮನೆಯಂಗಳದ ತೆರೆದ ಬಾವಿಯೇ ಕುಡಿಯುವ ನೀರಿನ ಮೂಲ. ಮುರಕಲ್ಲಿನ ನೆಲ ಮಳೆನೀರನ್ನು ಬೇಗ ಇಂಗಿಸುತ್ತದೆ. ಅಷ್ಟೇ ಬೇಗ ಮೇಲಿನ ಕೊಳೆಯನ್ನೂ ಒರತೆಗೆ ಮುಟ್ಟಿಸುತ್ತದೆ. ಮಳೆ ಹಿಡಿದು ನೀರು ಕಲಕಿದಾಗ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎಸೆದು ಸುಮ್ಮನಾಗುವ ರೂಢಿ ಬಹಳ ಮನೆಗಳಲ್ಲಿದೆ. ಎಷ್ಟು ನೀರಿಗೆ ಎಷ್ಟು ಪುಡಿ ಎಂದು ನೋಡದೆ ಹಾಕಿದರೆ ಒಂದೋ ರೋಗಾಣು ಉಳಿಯುತ್ತದೆ, ಇಲ್ಲವೇ ನೀರು ಬಾಯಿಗಿಡಲಾಗದಷ್ಟು ನಾರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕೆಲಸದಲ್ಲಿ ಅಳತೆಗೇ ಮೊದಲ ಮಣೆ. ಅಳತೆ ಟೇಪು, ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಎರಡು ಪ್ಲಾಸ್ಟಿಕ್ ಬಕೆಟ್, ಸೂಜಿ ಇಲ್ಲದ ಸಿರಿಂಜು, ಕ್ಲೋರಿನ್ ಪರೀಕ್ಷೆಯ ಕಿಟ್ ಇಟ್ಟುಕೊಳ್ಳಿ. ಪೈಪು ಕತ್ತರಿಸುವ ಕೆಲಸಕ್ಕೆ ಮಾತ್ರ ಪ್ಲಂಬರ್ ಬೇಕು.

ಹಂತ 1: ನೀರನ್ನು ಪರೀಕ್ಷೆಗೆ ಕೊಡಿ

ಫಿಲ್ಟರ್ ಕೊಳ್ಳುವ ಮೊದಲು ಇದು ಆಗಬೇಕು. ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿಯಲ್ಲಿ ನೀರು ತುಂಬಿ, ತಂಪಾಗಿಟ್ಟು, ಅದೇ ದಿನ ತಲುಪಿಸಿ. ಪಿಎಚ್, ಕದಡು, ಕಬ್ಬಿಣ, ನೈಟ್ರೇಟ್, ಫ್ಲೋರೈಡ್, ಇ. ಕೋಲಿ ಇಷ್ಟನ್ನು ಕೇಳಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ. ಕೋಲಿಯೂ ಕಾಣಬಾರದು.

ಕ್ಲೋರಿನ್ ಕೊಲ್ಲುವುದು ರೋಗಾಣುಗಳನ್ನು. ಫ್ಲೋರೈಡ್, ನೈಟ್ರೇಟ್, ಉಪ್ಪಿನಂಶ ಅದರಿಂದ ಹೋಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಫ್ಲೋರೈಡ್ ತುಂಬಿದ ಕೊಳವೆಬಾವಿಗೆ ಈ ವ್ಯವಸ್ಥೆ ಉತ್ತರವಲ್ಲ. ನೈಟ್ರೇಟ್ ಹೆಚ್ಚಿದೆ ಎಂದು ವರದಿ ಬಂದರೆ ಹತ್ತಿರದ ಶೌಚದ ಗುಂಡಿಯನ್ನೋ ಗೊಬ್ಬರದ ಗುಂಡಿಯನ್ನೋ ಮೊದಲು ಅನುಮಾನಿಸಿ. ಕುದಿಸಿದರೂ ನೈಟ್ರೇಟ್ ಹೋಗದು.

ಹಂತ 2: ಕೊಳೆ ಬರುವ ದಾರಿ ಮುಚ್ಚಿ

ಬಾವಿಗೂ ಶೌಚದ ಗುಂಡಿ, ಹಟ್ಟಿ, ಬಚ್ಚಲು ನೀರಿನ ಇಂಗುಗುಂಡಿಗೂ ನಡುವೆ ಕಡಿಮೆಯೆಂದರೆ 15 ಮೀಟರ್ ಅಂತರ ಇರಲಿ. ಬಾವಿಕಟ್ಟೆ ಸೊಂಟದೆತ್ತರ ಇದ್ದು, ಸುತ್ತ ಮೂರು ಅಡಿ ಅಗಲದ ಸಿಮೆಂಟು ನೆಲ ಹೊರಕ್ಕೆ ಇಳಿಜಾರಾಗಿರಬೇಕು. ಬಟ್ಟೆ ಒಗೆಯುವ ಕಲ್ಲು ಅಲ್ಲಿಂದ ದೂರ ಹೋಗಲಿ. ಮೇಲೆ ಬಲೆ ಹಾಸಿ. ತರಗೆಲೆ ಬಿದ್ದು ಕೊಳೆತರೆ ಹಾಕಿದ ಕ್ಲೋರಿನ್ನಿನ ದೊಡ್ಡ ಪಾಲನ್ನು ಅದೇ ತಿಂದುಹಾಕುತ್ತದೆ.

ಹೂಳು ತೆಗೆಸಲು ಏಪ್ರಿಲ್, ಮೇ ಸರಿಯಾದ ಕಾಲ. ಆದರೆ ನೀವಾಗಿ ಬಾವಿಗೆ ಇಳಿಯಬೇಡಿ, ಮನೆಯವರನ್ನೂ ಇಳಿಸಬೇಡಿ. ತಳದಲ್ಲಿ ಆಮ್ಲಜನಕ ಕಡಿಮೆಯಾಗಿ ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತದೆ, ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರೂ ಅಲ್ಲೇ ಬೀಳುತ್ತಾರೆ. ದೀಪ ಇಳಿಬಿಟ್ಟು ನೋಡಿದ ಮಾತ್ರಕ್ಕೆ ಗಾಳಿ ಸರಿಯಿದೆ ಎನ್ನಲಾಗದು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರಂತೂ ಅದರ ಹೊಗೆಯೇ ಸಾಯಿಸುತ್ತದೆ. ಗಾಳಿ ಊದುವ ಯಂತ್ರ, ಸೊಂಟದ ಹಗ್ಗ, ಮೇಲೆ ಕಾವಲಿಗೆ ಜನ ಇರುವ ಅನುಭವಿಗಳ ತಂಡವನ್ನೇ ಕರೆಸಿ. ಇದರಲ್ಲಿ ಹಣ ಉಳಿಸಬೇಡಿ.

ಹಂತ 3: ನೀರಿನ ಲೆಕ್ಕ

ದುಂಡು ಬಾವಿಯ ವ್ಯಾಸವನ್ನು ಅಡಿಯಲ್ಲಿ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟಿಸಿ, ಒದ್ದೆಯಾದ ಭಾಗವನ್ನು ಅಳೆದರೆ ನೀರಿನ ಆಳ ಸಿಗುತ್ತದೆ. ವ್ಯಾಸ × ವ್ಯಾಸ × ನೀರಿನ ಆಳ × 22. ಇದು ಹೆಚ್ಚುಕಡಿಮೆ ಲೀಟರಿನ ಲೆಕ್ಕ. 8 ಅಡಿ ವ್ಯಾಸದ ಬಾವಿಯಲ್ಲಿ 10 ಅಡಿ ನೀರಿದ್ದರೆ 8 × 8 × 10 × 22, ಅಂದರೆ ಸುಮಾರು 14,000 ಲೀಟರ್.

ಒಮ್ಮೆ ಅಳೆದ ಸಂಖ್ಯೆಯನ್ನು ವರ್ಷವಿಡೀ ನಂಬಬೇಡಿ. ಬೇಸಿಗೆಯಲ್ಲಿ ತಳ ಕಂಡಿದ್ದ ಬಾವಿ ಜುಲೈಯಲ್ಲಿ ಕಟ್ಟೆಯ ಹತ್ತಿರ ಬಂದಿರುತ್ತದೆ. ಅದೇ ಬಾವಿಯಲ್ಲಿ 20 ಅಡಿ ನೀರು ನಿಂತರೆ ಪುಡಿಯೂ ಎರಡರಷ್ಟು ಬೇಕು.

ಹಂತ 4: ಬಾವಿಗೆ ಕ್ಲೋರಿನ್

ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಬಾಯಿ ತೆರೆದಿಟ್ಟ ಚೀಲದ್ದು, ಗಂಟುಗಟ್ಟಿ ಒದ್ದೆಯಾದದ್ದು ಸತ್ವ ಕಳೆದುಕೊಂಡಿರುತ್ತದೆ. ತಯಾರಿಯ ದಿನಾಂಕ ನೋಡಿ, ಸಣ್ಣ ಪೊಟ್ಟಣ ತನ್ನಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿಲು ಬೀಳದ ಕಡೆ ಇಡಿ. ಕಬ್ಬಿಣದ ಡಬ್ಬಿ ಬೇಡ, ತುಕ್ಕು ಹಿಡಿಯುತ್ತದೆ.

1,000 ಲೀಟರಿಗೆ 2.5 ಗ್ರಾಂ ಆರಂಭದ ಅಳತೆ. ನಮ್ಮ 14,000 ಲೀಟರಿಗೆ 35 ಗ್ರಾಂ ಆಯಿತು. ಮೂಗು, ಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಬಯಲಲ್ಲಿ ನಿಂತು ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ. ಬಕೆಟಿನ ಮುಕ್ಕಾಲು ಭಾಗದವರೆಗೆ ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಎರಡನೆಯ ಬಕೆಟಿಗೆ ಬಗ್ಗಿಸಿ. ಗಸಿಯನ್ನು ಬಾವಿಗೆ ಸುರಿದರೆ ನೀರು ಗಡಸಾಗುತ್ತದೆ. ತಿಳಿಯಿರುವ ಬಕೆಟನ್ನು ಹಗ್ಗದಲ್ಲಿ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಚೆನ್ನಾಗಿ ಬೆರೆಸಿ. ರಾತ್ರಿ, ದಿನದ ನೀರು ಸೇದಿ ಮುಗಿದ ಮೇಲೆ ಮಾಡುವುದು ಒಳ್ಳೆಯದು. ಕಡಿಮೆಯೆಂದರೆ ಒಂದು ಗಂಟೆ ನೀರು ಮುಟ್ಟಬೇಡಿ.

ಎರಡು ಎಚ್ಚರಿಕೆ. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಸಿಡ್ ಜತೆ ಎಂದೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಸೊಳ್ಳೆಮರಿ ತಿನ್ನಲೆಂದು ಬಾವಿಯಲ್ಲಿ ಮೀನು ಬಿಟ್ಟಿದ್ದರೆ ಕ್ಲೋರಿನ್ನಿಗೆ ಅವು ಸಾಯುತ್ತವೆ. ಮೀನನ್ನು ಬೇರೆಡೆಗೆ ಸಾಗಿಸಿ, ಇಲ್ಲವೇ ಬಾವಿಯನ್ನು ಬಿಟ್ಟು ಟ್ಯಾಂಕಿಗಷ್ಟೇ ಕ್ಲೋರಿನ್ ಹಾಕಿ.

ಹಂತ 5: ಉಳಿದ ಕ್ಲೋರಿನ್ ನೋಡಿ

ಹಾಕಿದ ಕ್ಲೋರಿನ್ನಿನಲ್ಲಿ ಒಂದಷ್ಟು ಕೊಳೆಗೆ, ಕಬ್ಬಿಣಕ್ಕೆ ಖರ್ಚಾಗುತ್ತದೆ. ಆಮೇಲೆ ಉಳಿಯುವುದೇ ನಮ್ಮನ್ನು ಕಾಯುವುದು. ಒಂದು ಗಂಟೆಯ ನಂತರ ಕಿಟ್‌ನ ನಳಿಕೆಯಲ್ಲಿ ನೀರು ಹಿಡಿದು ಹನಿ ಅಥವಾ ಮಾತ್ರೆ ಹಾಕಿ. ಅದು ಆರ್ಥೊಟಾಲಿಡಿನ್ ಆದರೆ ಹಳದಿ, ಡಿಪಿಡಿ ಆದರೆ ಗುಲಾಬಿ ಬಣ್ಣ ಬರುತ್ತದೆ. ಡಿಪಿಡಿ ಸಿಕ್ಕರೆ ಅದನ್ನೇ ಆರಿಸಿ. ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ. ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, 1 ಮಿಲಿಗ್ರಾಂ ದಾಟಬಾರದು. ಕಾಮಾಲೆ, ವಾಂತಿಭೇದಿ ಊರಲ್ಲಿದ್ದರೆ 0.5 ಇರಲಿ. ಬಣ್ಣವೇ ಬರದಿದ್ದರೆ ಪುಡಿಯ ಅರ್ಧದಷ್ಟನ್ನು ಮತ್ತೆ ಹಾಕಿ, ಇನ್ನೊಂದು ಗಂಟೆ ಬಿಟ್ಟು ನೋಡಿ. ಮೂಗಿಗೆ ವಾಸನೆ ಬಂತು ಎಂಬುದನ್ನು ಪರೀಕ್ಷೆಯೆಂದು ಎಣಿಸಬೇಡಿ.

ಹಂತ 6: ಫಿಲ್ಟರ್ ಜೋಡಣೆ

ಕ್ರಮ ಹೀಗಿರಲಿ: ಬಾವಿ, ಮೋಟಾರು, ಮಣ್ಣಿನ ಕಣ ಹಿಡಿಯುವ ಸೆಡಿಮೆಂಟ್ ಫಿಲ್ಟರ್, ಮಾಳಿಗೆಯ ಟ್ಯಾಂಕ್, ಅಲ್ಲಿಂದ ನಲ್ಲಿಗಳು. ಅಡುಗೆಮನೆಯ ಕುಡಿಯುವ ನಲ್ಲಿಗೆ ಮಾತ್ರ 5 ಮೈಕ್ರಾನ್ ಕಾರ್ಟ್ರಿಜ್, ಅದರ ನಂತರ ಕಾರ್ಬನ್ ಫಿಲ್ಟರ್. ಸೆಡಿಮೆಂಟ್ ಫಿಲ್ಟರನ್ನು ಮೋಟಾರಿನ ಒತ್ತಡ ಇರುವ ಲೈನಿನಲ್ಲೇ ಹಾಕಿಸಿ. ಒಂದು ಮಹಡಿಯ ಎತ್ತರದಿಂದ ತಾನಾಗಿ ಇಳಿಯುವ ನೀರಿಗೆ ಬಿಗಿಯಾದ ಕಾರ್ಟ್ರಿಜ್ ದಾಟಿ ಇಡೀ ಮನೆಗೆ ಸಾಕಾಗುವಷ್ಟು ತಳ್ಳು ಇರುವುದಿಲ್ಲ, ಬಚ್ಚಲಲ್ಲಿ ನೀರು ಸಣ್ಣಗಾಗುತ್ತದೆ. ಫಿಲ್ಟರಿನ ಹೊರಕವಚ (ಹೌಸಿಂಗ್) ತಡೆಯುವ ಒತ್ತಡ ಮೋಟಾರಿನ ಒತ್ತಡಕ್ಕಿಂತ ಹೆಚ್ಚಿರಲಿ. ಎರಡೂ ಕಡೆ ಬಾಲ್‌ವಾಲ್ವ್, ಜತೆಗೊಂದು ಬೈಪಾಸ್ ಲೈನ್ ಹಾಕಿಸಿ. ಕಾರ್ಟ್ರಿಜ್ ಬದಲಿಸುವಾಗ ಮನೆಯ ನೀರು ನಿಲ್ಲಿಸಬೇಕಾಗುವುದಿಲ್ಲ.

ಕರಾವಳಿಯಲ್ಲಿ ಹೆಚ್ಚು ಜನ ಎಡವುವುದು ಕಬ್ಬಿಣದ ವಿಷಯದಲ್ಲಿ. ಫಿಲ್ಟರ್ ಹಾಕಿಸಿದರೂ ಟ್ಯಾಂಕಿನ ತಳ ಕೆಂಪು, ಬಿಳಿ ಬಟ್ಟೆ ಕಂದು. ಕಾರಣ ಸರಳ: ಆಗ ತಾನೇ ಸೇದಿದ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ, ಫಿಲ್ಟರಿನಲ್ಲಿ ಸಲೀಸಾಗಿ ನುಸುಳುತ್ತದೆ. ಗಾಳಿಯೋ ಕ್ಲೋರಿನ್ನೋ ತಾಗಿದ ಮೇಲೆ ಕಣವಾಗುತ್ತದೆ. ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಇಡಿ. ಹಿಡಿದಾಗ ತಿಳಿಯಾಗಿದ್ದು ಬೆಳಿಗ್ಗೆ ಕೆಂಪಾಗಿದ್ದರೆ ಇದೇ ತೊಂದರೆ. ಆಗ ಕ್ರಮ ತಿರುಗಬೇಕು: ಮೊದಲು ಒಂದು ಟ್ಯಾಂಕಿನಲ್ಲಿ ಕ್ಲೋರಿನ್ ಹಾಕಿ ಕೆಂಪು ಕೆಳಗಿಳಿಯಲು ಬಿಡಿ, ಆ ಬಳಿಕ ಫಿಲ್ಟರ್. ಒಂದು ಮಿಲಿಗ್ರಾಂ ಕಬ್ಬಿಣ ಸುಮಾರು 0.64 ಮಿಲಿಗ್ರಾಂ ಕ್ಲೋರಿನ್ ಕಬಳಿಸುತ್ತದೆ, ಆದ್ದರಿಂದ ಇಂಥ ನೀರಿಗೆ ಪ್ರಮಾಣ ಏರಿಸಬೇಕು.

ಕಾರ್ಬನ್ ಫಿಲ್ಟರ್ ಯಾವಾಗಲೂ ಕೊನೆಯಲ್ಲಿರಲಿ. ಅದು ಕ್ಲೋರಿನ್ನನ್ನು ಹೀರಿಬಿಡುತ್ತದೆ, ರುಚಿ ಸುಧಾರಿಸುತ್ತದೆ. ಕ್ಲೋರಿನ್ ಇಲ್ಲದ ಆ ನೀರು ಹೆಚ್ಚು ಹೊತ್ತು ಶುದ್ಧವಾಗಿ ಉಳಿಯಲಾರದು. ಬೇಕಾದಷ್ಟೇ ಹಿಡಿದು ಕುಡಿಯಿರಿ. ಆರ್‌ಒ ಯಂತ್ರ ಇದ್ದರೆ ಮಾತ್ರ ಅದಕ್ಕಿಂತ ಮೊದಲು ಕಾರ್ಬನ್ ಇರಲೇಬೇಕು, ಕ್ಲೋರಿನ್ ಅದರ ಪೊರೆಯನ್ನು ಹಾಳುಮಾಡುತ್ತದೆ.

ಹಂತ 7: ಟ್ಯಾಂಕಿಗೆ ದಿನದ ಪ್ರಮಾಣ

5 ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತನ್ನಿ. ಪರಿಮಳ, ಸಾಬೂನು ಬೆರೆತದ್ದು ಬೇಡ. 1,000 ಲೀಟರ್ ಟ್ಯಾಂಕಿಗೆ 20 ಮಿಲಿಲೀಟರ್ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂ ಬೀಳುತ್ತದೆ. ಟ್ಯಾಂಕ್ ತುಂಬಲು ಆರಂಭವಾದಾಗಲೇ ಸಿರಿಂಜಿನಲ್ಲಿ ಅಳೆದು ಹಾಕಿ, ಬೀಳುವ ನೀರೇ ಬೆರೆಸಿಕೊಳ್ಳುತ್ತದೆ. ಅರ್ಧ ಗಂಟೆಯ ಬಳಿಕ ಕಾರ್ಬನ್ ಫಿಲ್ಟರ್ ಇಲ್ಲದ ನಲ್ಲಿಯಲ್ಲಿ ಪರೀಕ್ಷಿಸಿ, 5 ಮಿಲಿಲೀಟರ್ ಏರಿಸುತ್ತಲೋ ಇಳಿಸುತ್ತಲೋ ನಿಮ್ಮ ಮನೆಯ ಪ್ರಮಾಣ ಕಂಡುಕೊಳ್ಳಿ. ಟ್ಯಾಂಕಿನಲ್ಲಿ ಹಳೆಯ ನೀರು ಉಳಿದಿದ್ದರೆ ಹೊಸದಾಗಿ ತುಂಬುವ ಪಾಲಿಗೆ ಮಾತ್ರ ಲೆಕ್ಕ ಹಾಕಿ.

ಹಂತ 8: ನಿರ್ವಹಣೆ

ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಕ್ಲೋರಿನ್ ಪರೀಕ್ಷೆ ಮಾಡಿ. ಕಾರ್ಟ್ರಿಜ್ ಕಂದಾಗಿ ಹರಿವು ತಗ್ಗಿದ ಕೂಡಲೇ ಬದಲಿಸಿ. ಕಾರ್ಬನ್ ಕಾರ್ಟ್ರಿಜ್ ನೋಡಲು ಚೆನ್ನಾಗಿಯೇ ಕಂಡರೂ ತಯಾರಕರು ಹೇಳಿದ ಅವಧಿ ಮೀರಬೇಡಿ, ಹಳೆಯದರಲ್ಲಿ ಬ್ಯಾಕ್ಟೀರಿಯಾ ಮನೆಮಾಡುತ್ತವೆ. ಮೂರು ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯಿರಿ. ಮಳೆಗಾಲಕ್ಕೆ ಮೊದಲು ಮತ್ತು ನಂತರ ಇ. ಕೋಲಿ ಪರೀಕ್ಷೆ ಮತ್ತೆ ಆಗಲಿ. ಕುಡಿಯುವ ನೀರು ಕುದಿಸುವ ರೂಢಿಯನ್ನು ಮಳೆಗಾಲದಲ್ಲಿ ಬಿಡಬೇಡಿ: ಕ್ರಿಪ್ಟೊಸ್ಪೋರಿಡಿಯಂನಂಥ ಜೀವಿ ಕ್ಲೋರಿನ್ನಿಗೆ ಜಗ್ಗುವುದಿಲ್ಲ, ಕುದಿತಕ್ಕೆ ಸಾಯುತ್ತದೆ.

ನೆರೆನೀರು ಬಾವಿಗೆ ನುಗ್ಗಿದರೆ ದಿನದ ಪ್ರಮಾಣ ಸಾಲದು. ನೆರೆ ಇಳಿದ ತಕ್ಷಣ ಬಾವಿಯನ್ನು ಪೂರ್ತಿ ಬತ್ತಿಸಬೇಡಿ, ನೆನೆದ ನೆಲ ಒತ್ತಿ ಗೋಡೆ ಕುಸಿಯಬಹುದು. ಸುತ್ತಲ ನೀರು ತಗ್ಗಿದ ಮೇಲೆ ಕೆಸರು ತೆಗೆಸಿ, ತಳದಲ್ಲಿ ಎರಡು ಅಡಿ ನೀರು ಉಳಿದಾಗ 1,000 ಲೀಟರಿಗೆ 150 ಗ್ರಾಂನಂತೆ ಪುಡಿ ಹಾಕಿ. 8 ಅಡಿಯ ಬಾವಿಗೆ ಸುಮಾರು 420 ಗ್ರಾಂ; ಒಂದು ಬಕೆಟಿಗೆ 100 ಗ್ರಾಂಗಿಂತ ಹೆಚ್ಚು ಕದಡಬೇಡಿ. ಅದೇ ನೀರನ್ನು ಎತ್ತಿ ಒಳಗೋಡೆಗೆ ಮೇಲಿನಿಂದ ಹೊಯ್ಯಿರಿ. ಫಿಲ್ಟರುಗಳನ್ನು ಬೈಪಾಸ್ ಮಾಡಿ, 12 ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಪಂಪ್ ಮಾಡಿ ಹೊರಹಾಕಿ. ಆ ನೀರು ಕೆರೆಗೋ ತೋಟಕ್ಕೋ ಸೆಪ್ಟಿಕ್ ಟ್ಯಾಂಕಿಗೋ ಹೋಗದಿರಲಿ. ಪ್ರಯೋಗಾಲಯದ ವರದಿ ಶುದ್ಧ ಎಂದು ಬರುವವರೆಗೆ ಕುಡಿಯಲು, ಹಲ್ಲುಜ್ಜಲು ಕುದಿಸಿದ ನೀರನ್ನೇ ಬಳಸಿ.