ಇಂದಿನ ಧಮ್ಮ ಚಿಂತನೆ: ದೇಶ ಬಿಟ್ಟ ಸಿದ್ಧಾರ್ಥರು



ಸಿದ್ಧಾರ್ಥರು ಮನೆ ಬಿಟ್ಟದ್ದು ಏಕೆ? ಮುದುಕ, ರೋಗಿ, ಹೆಣ ಕಂಡು ಎಂದು ಶಾಲೆಯಲ್ಲಿ ಓದಿದ್ದೇವೆ. ಬಾಬಾಸಾಹೇಬರು ಅದನ್ನು ಒಪ್ಪಲಿಲ್ಲ. ‘ಬುದ್ಧ ಮತ್ತು ಆತನ ಧಮ್ಮ’ದ ಮೊದಲ ಭಾಗ ತೆಗೆದು ನೋಡಿ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಬೇಡ ಎಂದು ಶಾಕ್ಯ ಸಂಘದಲ್ಲಿ ಸಿದ್ಧಾರ್ಥರು ಎದ್ದು ನಿಂತರು. ಬಹುಮತ ಯುದ್ಧದ ಕಡೆಗಿತ್ತು. ಒಪ್ಪದಿದ್ದರೆ ಮನೆಯವರಿಗೆ ಬಹಿಷ್ಕಾರ, ಹೊಲ ಜಪ್ತಿ ಎಂದು ಬೆದರಿಸಿದರು. (ಬಹಿಷ್ಕಾರ ಎಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.) ಮನೆಯವರಿಗೆ ತೊಂದರೆಯಾಗದಿರಲೆಂದು ಅವರು ಪರಿವ್ರಾಜಕರಾಗಿ ದೇಶವನ್ನೇ ಬಿಟ್ಟರು. ನಾವು ದಿನಾ ಶರಣು ಹೋಗುವುದು ಇವರಿಗೆ.

ಇದನ್ನು ಈಗ ನೆನೆಯಲು ಕಾರಣವಿದೆ. 2025ರ ಮಾರ್ಚ್ 11ರಂದು ಲೋಕಸಭೆಯಲ್ಲಿ ವಲಸೆ ಮತ್ತು ವಿದೇಶಿಯರ ಮಸೂದೆ ಮಂಡನೆಯಾಯಿತು, ಅದೇ ವರ್ಷ ಕಾಯ್ದೆಯೂ ಆಯಿತು. ಗಡಿಯಲ್ಲಿ ವಲಸೆ ಅಧಿಕಾರಿ ಒಳಗೆ ಬಿಡಲ್ಲ ಎಂದರೆ ಅದೇ ಅಂತಿಮ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ ಹಿಡಿಸಿಕೊಂಡವನದೇ. ಇದು 1946ರ ಬ್ರಿಟಿಷ್ ಕಾಯ್ದೆಯಿಂದ ಬಂದ ಬಳುವಳಿ. ಜೀವ ಉಳಿಸಿಕೊಳ್ಳಲು ಓಡಿ ಬಂದವರು ಯಾರು ಎಂಬ ವ್ಯಾಖ್ಯೆಯೇ ಅದರಲ್ಲಿಲ್ಲ. ಮನೆಗೆ ಬೆಂಕಿ ಬಿದ್ದವರು ವೀಸಾ ಮಾಡಿಸಿಕೊಂಡು ಬರುತ್ತಾರೆಯೇ? ನನ್ನ ಅವ್ವ ಹುಟ್ಟಿದ ತಾರೀಖಿಗೇ ಕಾಗದವಿಲ್ಲ. ‘ಬರಗಾಲದ ವರ್ಷ ಹುಟ್ಟಿದೆ’ ಅನ್ನುತ್ತಾಳೆ, ಅಷ್ಟೇ.

ಕಳೆದ ವಾರ ವಿಹಾರದಲ್ಲಿ ಒಬ್ಬ ಅಣ್ಣ ಕೇಳಿದರು: ‘2019ರ ಪೌರತ್ವ ತಿದ್ದುಪಡಿಯಲ್ಲಿ ಬೌದ್ಧರ ಹೆಸರಿದೆಯಲ್ಲ, ನಮಗೇಕೆ ಚಿಂತೆ?’ ನಾನು ತಕ್ಷಣ ಉತ್ತರ ಕೊಡಲಿಲ್ಲ. ನಿಜ, ಪಟ್ಟಿಯಲ್ಲಿ ನಮ್ಮ ಹೆಸರಿದೆ. ರೋಹಿಂಗ್ಯಾ ಮುಸ್ಲಿಮರ ಹೆಸರಿಲ್ಲ. 2017ರ ಆಗಸ್ಟ್ ನಂತರ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಓಡಿಸಿದ್ದು ಬೌದ್ಧರೇ ಬಹುಸಂಖ್ಯಾತರಿರುವ ಮ್ಯಾನ್ಮಾರ್‌ನ ಸೇನೆ. ಚೀವರ ತೊಟ್ಟ ಕೆಲವರೂ ಆ ದ್ವೇಷಕ್ಕೆ ದನಿಗೂಡಿಸಿದರು. ಹೇಳಲು ನಾಚಿಕೆಯಾದರೂ ಹೇಳಲೇಬೇಕು. 2018ರ ಅಕ್ಟೋಬರ್‌ನಲ್ಲಿ ಭಾರತವು ಅಸ್ಸಾಂನಲ್ಲಿದ್ದ 7 ರೋಹಿಂಗ್ಯಾಗಳನ್ನು ಅದೇ ಮ್ಯಾನ್ಮಾರ್‌ಗೆ ಒಪ್ಪಿಸಿತು.

ಇನ್ನೊಂದು ಮಾತು ಆ ಅಣ್ಣನಿಗೆ. ಸಂವಿಧಾನದ 19ನೇ ವಿಧಿ ‘ನಾಗರಿಕ’ ಎನ್ನುತ್ತದೆ, ಜೀವದ ಹಕ್ಕಿನ 21ನೇ ವಿಧಿ ‘ವ್ಯಕ್ತಿ’ ಎನ್ನುತ್ತದೆ. ಈ ವ್ಯತ್ಯಾಸ ಉಳಿಸಿದ್ದು ಯಾರನ್ನು ಗೊತ್ತೇ? ನಮ್ಮ ಬೌದ್ಧ ಬಂಧುಗಳಾದ ಚಕ್ಮಾಗಳನ್ನು. ಕಪ್ತಾಯಿ ಅಣೆಕಟ್ಟಿನಲ್ಲಿ ಹೊಲಮನೆ ಮುಳುಗಿ 1964ರಲ್ಲಿ ಇಲ್ಲಿಗೆ ಬಂದವರು ಅವರು. ಅರುಣಾಚಲದಿಂದ ಅವರನ್ನು ಬಲವಂತವಾಗಿ ಓಡಿಸಲು ಹೊರಟಾಗ, 1996ರಲ್ಲಿ ಸುಪ್ರೀಂ ಕೋರ್ಟ್ ಇದೇ 21ನೇ ವಿಧಿ ಹಿಡಿದು ತಡೆಯಿತು. ಅಂದು ಚಕ್ಮಾಗಳಿಗೆ ಸಿಕ್ಕ ಆಸರೆಯನ್ನು ಇಂದು ರೋಹಿಂಗ್ಯಾಗೆ ಬೇಡ ಎಂದು ಯಾವ ಬಾಯಿಂದ ಹೇಳಲಿ?

ಈ ಕಾಯ್ದೆ ವಿರೋಧಿಸಿ ನಮ್ಮ ಸಂಸದರಿಗೆ ಪತ್ರ ಬರೆದಿದ್ದೇನೆ. ಭಾನುವಾರ ವಂದನೆಯ ನಂತರ ಓದುತ್ತೇನೆ. ಒಪ್ಪದವರೂ ಬನ್ನಿ, ಮಾತಾಡೋಣ. ಒಪ್ಪಿದವರು ಸಹಿ ಹಾಕಿ.

ಜೈ ಭೀಮ್