ಅವನನ್ನು ನೋಡಿ ಬಾ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಬಂತು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೋಗು. ಈ ವಾರವೇ ಹೋಗು.

ಕಾಲೇಜಿನಿಂದ ಜೊತೆಗಿದ್ದ ಗೆಳೆಯ ಜೈಲಿನಲ್ಲಿದ್ದಾನೆ, ನೋಡಲು ಹೋಗಲೋ ಬೇಡವೋ ಎಂದು ಕೇಳಿದ್ದೀಯ. ಆಫೀಸಿನವರಿಗೆ ಗೊತ್ತಾದರೆ ಏನು ಗತಿ ಎಂಬ ಅಳುಕು, ಹೋದರೆ ಏನು ಮಾತಾಡಲಿ ಎಂಬ ಸಂಕೋಚ, ಎಲ್ಲಕ್ಕಿಂತ ಹೆಚ್ಚಾಗಿ ‘ಅವನು ನಿಜಕ್ಕೂ ತಪ್ಪು ಮಾಡಿದ್ದರೆ?’ ಎಂಬ ಪ್ರಶ್ನೆ ನಿನ್ನನ್ನು ಹಿಡಿದು ನಿಲ್ಲಿಸಿದೆ. ನಿನ್ನ ವಯಸ್ಸಿನ ಇನ್ನೂ ಅನೇಕರು ಇದೇ ಅಳುಕು ಹೊತ್ತು ತಿರುಗುತ್ತಿರಬಹುದು ಎನ್ನಿಸಿ ಈ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿನ್ನ ಹೆಸರಾಗಲಿ ಅವನ ಹೆಸರಾಗಲಿ ಇಲ್ಲಿ ಬರುವುದಿಲ್ಲ.

ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ತೀರ್ಮಾನಿಸಲು ಕೋರ್ಟಿದೆ. ನೀನು ಹೋಗಿ ಎದುರು ಕೂತ ಮಾತ್ರಕ್ಕೆ ಅವನು ಮಾಡಿದ್ದೆಲ್ಲ ಸರಿ ಎಂದು ಒಪ್ಪಿದಂತಾಗುವುದಿಲ್ಲ. ಅಲ್ಲದೆ ಅವನಿನ್ನೂ ವಿಚಾರಣಾಧೀನ ಕೈದಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ ನೋಡು: 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ತೀರ್ಪೇ ಬಂದಿಲ್ಲ. ಊರಿನ ಬಾಯಲ್ಲಿ ಮಾತ್ರ ಅವರೆಲ್ಲರಿಗೂ ಶಿಕ್ಷೆಯಾಗಿ ಹೋಗಿರುತ್ತದೆ. ನಿನ್ನ ಗೆಳೆಯನ ವಿಷಯದಲ್ಲಿ ಆ ಬಾಯಿಗಳ ಜೊತೆ ನಿನ್ನದೂ ಸೇರಬಾರದು ಎಂಬುದು ನನ್ನ ಆಸೆ.

ಇದನ್ನು ನಾನು ಬರೀ ಓದಿ ಹೇಳುತ್ತಿಲ್ಲ. ಹೈಸ್ಕೂಲಿನಿಂದ ನನ್ನ ಜೊತೆಗಿದ್ದ ಗೆಳತಿಯೊಬ್ಬಳು, ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವಳು, ಹಣ ದುರುಪಯೋಗದ ಕೇಸಿನಲ್ಲಿ ಸಿಕ್ಕಿ ಬೆಂಗಳೂರಿನ ಜೈಲು ಸೇರಿದಳು. ಚಿತ್ರದುರ್ಗದಲ್ಲಿ ಬೆಳಗಿನ ಬಸ್ಸು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ಸಿಟಿ ಬಸ್ಸು ಹಿಡಿದು ಅವಳನ್ನು ನೋಡಲು ಹೋಗುತ್ತಿದ್ದೆ.

ಹೋಗುವ ಮುಂಚೆ ಕೆಲವು ವಿಷಯ ತಿಳಿದುಕೊಂಡಿರು. ಭೇಟಿಯ ದಿನ, ಹೊತ್ತು, ಎಷ್ಟು ಜನರನ್ನು ಬಿಡುತ್ತಾರೆ ಎಂಬುದೆಲ್ಲ ಒಂದೊಂದು ಜೈಲಿನಲ್ಲಿ ಒಂದೊಂದು ರೀತಿ, ಮೊದಲೇ ಕೇಳಿಕೋ. ಇ-ಮುಲಾಕಾತ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಲು ಬರುತ್ತದೆ. ಆಧಾರ್ ಕಾರ್ಡ್ ಇಟ್ಟುಕೋ. ಮೊಬೈಲನ್ನು ಹೊರಗೇ ಬಿಟ್ಟು ಹೋಗಬೇಕು. ಅಮ್ಮನ ಕೈಯಡುಗೆ ಕಟ್ಟಿಸಿಕೊಂಡು ಹೋಗಿ ಗೇಟಿನಲ್ಲಿ ವಾಪಸ್ ತರಬೇಡ, ಮನೆಯೂಟಕ್ಕೆ ಸಾಮಾನ್ಯವಾಗಿ ಅನುಮತಿ ಬೇಕಾಗುತ್ತದೆ. ಒಳಗಿನ ಕ್ಯಾಂಟೀನಿನಲ್ಲಿ ಸೋಪು, ಬಿಸ್ಕತ್ತು ಕೊಳ್ಳಲು ಅವನ ಹೆಸರಿಗೆ ಒಂದಿಷ್ಟು ಹಣ ಕಟ್ಟುವುದು ಹೇಗೆಂದು ಕೌಂಟರಿನಲ್ಲಿ ವಿಚಾರಿಸು. ಬಟ್ಟೆ, ಪುಸ್ತಕದ ವಿಷಯವನ್ನೂ ಅಲ್ಲೇ ಕೇಳು. ಅರ್ಧ ದಿನವಾದರೂ ಕಾಯಬೇಕಾಗುತ್ತದೆ ಎಂದುಕೊಂಡೇ ಹೊರಡು. ಆ ಸಾಲಿನಲ್ಲಿ ನಿನ್ನ ಅಕ್ಕಪಕ್ಕ ನಿಲ್ಲುವವರನ್ನು ಸರಿಯಾಗಿ ನೋಡು. ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸು, ಅರ್ಜಿ ಬರೆಸಿಕೊಳ್ಳಲು ಯಾರನ್ನು ಕೇಳಲಿ ಎಂದು ತಡಕಾಡುವ ಮುದುಕ. ನಿನ್ನ ಬಳಿ ಪೆನ್ನಿದ್ದರೆ ಅವರಿಗೊಂದು ಅರ್ಜಿ ಬರೆದುಕೊಡು.

ಇನ್ನು ಮಾತಿನ ವಿಷಯ. ಗಾಜಿನ ಆಚೆ ಅವನು, ಈಚೆ ನೀನು. ಸಾಲಾಗಿ ಕೂತ ಎಲ್ಲರೂ ಒಟ್ಟಿಗೆ ಮಾತಾಡುವುದರಿಂದ ಅರ್ಧ ಮಾತು ಕೇಳಿಸುವುದೇ ಇಲ್ಲ. ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಆಗುವಷ್ಟರಲ್ಲಿ ‘ಮುಗೀತು, ಏಳಿ’ ಎನ್ನುತ್ತಾರೆ. ಅಷ್ಟು ಹೊತ್ತನ್ನು ಕೇಸಿನ ಬಗ್ಗೆ ವಿಚಾರಿಸುತ್ತಾ ಕಳೆಯಬೇಡ. ಅದನ್ನು ವಕೀಲರು ಕೇಳುತ್ತಾರೆ, ಪೊಲೀಸರು ಕೇಳಿದ್ದಾರೆ, ಒಳಗಿರುವ ಪ್ರತಿಯೊಬ್ಬರೂ ಕೇಳುತ್ತಲೇ ಇರುತ್ತಾರೆ. ಹಾಗೆಂದು ಉಪದೇಶವೂ ಬೇಡ, ‘ಎಲ್ಲಾ ಸರಿಹೋಗುತ್ತೆ ಬಿಡು’ ಎಂಬ ಸಮಾಧಾನವೂ ಬೇಡ.

ನನ್ನ ಗೆಳತಿ ಕೇಳುತ್ತಿದ್ದದ್ದು ನಾನು ಬಂದ ದಾರಿಯನ್ನು. “ಕಿಟಕಿ ಪಕ್ಕ ಸೀಟು ಸಿಕ್ತಾ? ಹಿರಿಯೂರಲ್ಲಿ ಎಷ್ಟೊತ್ತು ನಿಲ್ಲಿಸಿದ? ಶಿರಾ ಹತ್ರ ಮಳೆ ಇತ್ತಾ? ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದ್ಯೇನೇ?” ನಾನು ಹೇಳುತ್ತಾ ಹೋಗಬೇಕು, ಅವಳು ನಡುನಡುವೆ ತಿದ್ದುತ್ತಿದ್ದಳು. “ಅಲ್ಲ, ಆ ಹೋಟ್ಲು ಎಡಗಡೆ ಅಲ್ವಾ?” ಎನ್ನುತ್ತಿದ್ದಳು. ಒಂದು ಸಲ ಇಡ್ಲಿಗೆ ಚಟ್ನಿ ಕೆಂಪಗಿತ್ತೋ ಬೆಳ್ಳಗಿತ್ತೋ ಎಂಬಲ್ಲಿಗೇ ನಮ್ಮ ಹೊತ್ತು ಮುಗಿದುಹೋಯಿತು. ಎದ್ದು ಹೋಗುವಾಗ ಅವಳ ಮುಖದಲ್ಲಿ ಊರಿಗೆ ಹೋಗಿ ಬಂದವಳ ಕಳೆ ಇತ್ತು. ನೀನೂ ದಾರಿಯ ಸುದ್ದಿ, ಬೀದಿಯ ಸುದ್ದಿ, ನಿಮ್ಮಿಬ್ಬರ ಟೀ ಅಂಗಡಿಯ ಸುದ್ದಿ ಕೂಡಿಟ್ಟುಕೊಂಡು ಹೋಗು. ದೊಡ್ಡ ಸುದ್ದಿ ಟಿವಿಯಲ್ಲಿ ಅವನಿಗೂ ಸಿಗಬಹುದು, ಟೀ ಅಂಗಡಿಯವನು ಹೊಸ ಬೆಂಚು ಹಾಕಿಸಿದ್ದನ್ನು ನೀನೇ ಹೇಳಬೇಕು.

ಒಳಗಿನ ಬದುಕಿನ ಬಗ್ಗೆ ಅವನಾಗಿ ಹೇಳಿದರೆ ಸುಮ್ಮನೆ ಕೇಳಿಸಿಕೋ. ನನ್ನ ಗೆಳತಿ ಹೇಳಿದ್ದರಲ್ಲಿ ಹೊಡೆತ ಬಡಿತದ ಕತೆ ಇರಲಿಲ್ಲ. ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಲೇ ಇರುತ್ತದೆ, ಕಾವಲಿನವರಿಗೆ ಕಾಣಬೇಕಲ್ಲ. “ಕತ್ತಲೆ ನೋಡಿ ಎಷ್ಟು ಕಾಲ ಆಯ್ತೇ” ಎಂದಳು. ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡು ಮಲಗುತ್ತಿದ್ದಳಂತೆ. ಸಂಜೆ ಬೆಳಕಿರುವಾಗಲೇ ಎಣಿಕೆ ಮುಗಿಸಿ ಬೀಗ ಹಾಕುತ್ತಾರೆ, ಮರುದಿನ ಬೆಳಗ್ಗೆ ಬೀಗ ತೆಗೆದು ಮತ್ತೆ ಎಣಿಸುತ್ತಾರೆ. ಚಂದ್ರನನ್ನು ನೋಡಲು ಅಂಗಳಕ್ಕೆ ಬರುವ ಮಾತೇ ಇಲ್ಲ. ಹಸಿವಾದಾಗ ಊಟವಿಲ್ಲ, ಊಟದ ಹೊತ್ತಿಗೆ ಹಸಿವು ಬರಿಸಿಕೊಳ್ಳಬೇಕು. ಒಬ್ಬಳೇ ಇರಬೇಕು ಅನ್ನಿಸಿದಾಗ ಒಬ್ಬಳೇ ಇರಲು ಜಾಗವಿಲ್ಲ. ಅಳುವುದಕ್ಕೂ ಸುತ್ತ ಮೂವತ್ತು ಕಣ್ಣು.

ಅವಳ ಬ್ಯಾರಕ್ಕಿನಲ್ಲಿ ಒಂದು ಪುಟ್ಟ ಹುಡುಗಿಯೂ ಇದ್ದಳು. ಆರು ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಜೈಲಿನಲ್ಲಿರಲು ಅವಕಾಶವಿದೆ. ಆ ಮಕ್ಕಳ ಊಟ, ಆಟ, ಓದು ಹೇಗಿರಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಈ ಹುಡುಗಿ ಆಡುತ್ತಿದ್ದ ಆಟ ಯಾವುದು ಗೊತ್ತೇ? ಎಲ್ಲರ ಚಪ್ಪಲಿಗಳನ್ನು ತಂದು ಸಾಲಾಗಿ ಜೋಡಿಸುವುದು, ಬೆರಳಿಟ್ಟು ಎಣಿಸುವುದು, “ಸರಿ ಇದೆ ಮೇಡಂ” ಎಂದು ಜೋರಾಗಿ ಹೇಳಿ, ಇಲ್ಲದ ಬಾಗಿಲಿಗೆ ಇಲ್ಲದ ಬೀಗ ಹಾಕುವುದು. ಅದನ್ನು ಹೇಳುವಾಗ ನನ್ನ ಗೆಳತಿಗೆ ಮಾತು ಮುಂದುವರಿಸಲು ಆಗಲಿಲ್ಲ. ಆ ಮಗುವಿನ ಹೆಸರಿನಲ್ಲಿ ಯಾವ ಕೇಸೂ ಇರಲಿಲ್ಲ.

ಪತ್ರದ ಕೊನೆಗೆ ನೀನು ಒಂದು ಮಾತು ಬರೆದಿದ್ದೀಯ, ಅವನನ್ನು ನೋಡಿದರೆ ನನ್ನ ಸ್ವಾತಂತ್ರ್ಯದ ಬೆಲೆ ನನಗೆ ತಿಳಿಯುತ್ತದೇನೋ ಎಂದು. ಖಂಡಿತ ತಿಳಿಯುತ್ತದೆ. ಹೊರಗೆ ಬಂದ ಮೇಲೆ ಯಾವ ಬಸ್ಸು ಹತ್ತಲಿ ಎಂದು ಯೋಚಿಸುವುದೇ ದೊಡ್ಡ ಭಾಗ್ಯ ಅನ್ನಿಸುತ್ತದೆ. ಮನೆಯಲ್ಲಿ ದೀಪ ಆರಿಸಲು ಸ್ವಿಚ್ಚಿನ ಮೇಲೆ ಕೈಯಿಟ್ಟಾಗ ಅವನ ನೆನಪಾಗುತ್ತದೆ. ಆ ಭಾವ ಒಳ್ಳೆಯದೇ, ಅದನ್ನು ತಡೆಯಬೇಡ. ಆದರೆ ಅಲ್ಲಿಗೇ ನಿಂತುಬಿಡಬೇಡ ಎಂದು ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ. ಗೆಳೆಯನ ಸೆರೆಯನ್ನು ನೋಡಿ ನಾನೆಷ್ಟು ಪುಣ್ಯವಂತ ಎಂದು ನಿಟ್ಟುಸಿರು ಬಿಟ್ಟು ಮನೆಗೆ ಬಂದು ಮಲಗಿದರೆ ಆ ಭೇಟಿಯಿಂದ ಅವನಿಗೇನು ಬಂತು? ನಿನ್ನ ಕಾಲಿಗೆ ಓಡಾಡುವ ಬಲ ಇದೆ, ಕೈಯಲ್ಲಿ ಫೋನಿದೆ, ಕೋರ್ಟಿನ ಮೆಟ್ಟಿಲು ಹತ್ತಿ ಗುಮಾಸ್ತರನ್ನು ವಿಚಾರಿಸುವ ಬಿಡುವಿದೆ. ಅವನಿಗೆ ಇಲ್ಲದಿರುವುದು ಇವೇ. ಇವನ್ನು ಅವನಿಗಾಗಿ ಖರ್ಚು ಮಾಡು.

ಸೆರೆಯ ಮಾತು ಬಂದಾಗಲೆಲ್ಲ ನನಗೆ ಇನ್ನೂ ಇಬ್ಬರು ನೆನಪಾಗುತ್ತಾರೆ. ನನಗೆ ಹದಿನೆಂಟು ವರ್ಷವಾಗಿದ್ದಾಗ ತುರ್ತು ಪರಿಸ್ಥಿತಿ ಬಂತು. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಜೈಲಿನ ದಿನಚರಿ ಆಮೇಲೆ ಪುಸ್ತಕವಾಗಿ ಬಂತು. ಆ ಜೈಲೇ ಇವತ್ತಿನ ಫ್ರೀಡಂ ಪಾರ್ಕ್. ಶೇಷಾದ್ರಿ ರಸ್ತೆಯಲ್ಲಿ ನೀನು ದಿನಾ ಬಸ್ಸಿನಲ್ಲಿ ಹಾದುಹೋಗುವ ಜಾಗ. ಹಳೆಯ ಬ್ಯಾರಕ್ಕನ್ನೂ ಕಾವಲು ಗೋಪುರವನ್ನೂ ಉಳಿಸಿದ್ದಾರೆ, ಒಮ್ಮೆ ಇಳಿದು ಒಳಗೆ ನಡೆದು ನೋಡು. ಅಷ್ಟು ದೂರದ ನೆಲ್ಸನ್ ಮಂಡೇಲಾರ ಕತೆ ನಿನಗೆ ಗೊತ್ತಿರುತ್ತದೆ. ರಾಬೆನ್ ದ್ವೀಪದಲ್ಲಿ ಮೊದಲು ಅವರಿಗೆ ಸಿಗುತ್ತಿದ್ದದ್ದು ಆರು ತಿಂಗಳಿಗೊಂದು ಭೇಟಿ, ಆರು ತಿಂಗಳಿಗೊಂದು ಪತ್ರ. ಹೆಂಡತಿಯ ಕೈ ಮುಟ್ಟಲು ಬಿಟ್ಟದ್ದು 1984ರಲ್ಲಿ, ಪೋಲ್ಸ್‌ಮೂರ್ ಜೈಲಿನಲ್ಲಿ, ಇಪ್ಪತ್ತೊಂದು ವರ್ಷಗಳ ಮೇಲೆ. ಗಾಜಿನ ಮೇಲೆ ಅಂಗೈ ಇಡುವವರನ್ನು ಕಂಡಾಗ ನನಗೆ ಇದು ನೆನಪಾಗುತ್ತಿತ್ತು.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಮೊದಲು ಅವನಿಗೆ ವಕೀಲರಿದ್ದಾರೋ ಇಲ್ಲವೋ ಕೇಳು. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ಅದು ದಾನವಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗು, ಇಲ್ಲವೇ 15100ಕ್ಕೆ ಫೋನ್ ಮಾಡು. ಬಂಧಿಸಿ ಎಷ್ಟು ದಿನವಾಯಿತು, ಆರೋಪಪಟ್ಟಿ ಸಲ್ಲಿಸಿದ್ದಾರೆಯೇ ಎಂದು ಬರೆದಿಟ್ಟುಕೋ. ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಬರದಿದ್ದರೆ ಜಾಮೀನು ಕೇಳುವುದು ಅವನ ಹಕ್ಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಬಗ್ಗೆಯೂ ವಕೀಲರನ್ನು ಕೇಳು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು, ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅದು ದಾರಿ ಮಾಡಿಕೊಡುತ್ತದೆ. ಮರಣದಂಡನೆ, ಜೀವಾವಧಿಯಂಥ ಶಿಕ್ಷೆಯ ಆರೋಪವಿದ್ದರೆ, ಬೇರೆ ಕೇಸುಗಳೂ ಬಾಕಿ ಇದ್ದರೆ ಅದು ಅನ್ವಯಿಸುವುದಿಲ್ಲ.

ಜಾಮೀನು ಸಿಕ್ಕ ಮೇಲೂ ಒಳಗೇ ಉಳಿಯುವವರಿದ್ದಾರೆ ಎಂಬುದು ನನಗೆ ಗೆಳತಿಗಾಗಿ ಮಾಡಿದ ಓಡಾಟದಲ್ಲೇ ಗೊತ್ತಾದದ್ದು. ಆದೇಶ ಬಂದಿರುತ್ತದೆ, ಜಾಮೀನು ನಿಲ್ಲಲು ಪಹಣಿ ಹಿಡಿದು ಬರುವ ಒಬ್ಬ ಮನುಷ್ಯ ಇರುವುದಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಮೋತಿ ರಾಮ್ ಎಂಬ ಗಾರೆ ಕೆಲಸದವರ ಕತೆಯೂ ಇದೇ. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದರು, ಜಾಮೀನು ನಿಲ್ಲಲು ಬಂದ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬಡವರಿಗೆ ಇಂಥ ಷರತ್ತು ಹಾಕುವುದು ತಪ್ಪೆಂದು ಖಂಡಿಸಿ, ಸಾವಿರ ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಲು ಹೇಳಿದರು. ಆ ತೀರ್ಪು ಬಂದು ಇಷ್ಟು ವರ್ಷವಾದರೂ ಕೋರ್ಟಿನ ಆವರಣದಲ್ಲಿ ಜಾಮೀನುದಾರರಿಗಾಗಿ ಕಣ್ಣು ಬಿಟ್ಟು ಕಾಯುವ ತಾಯಂದಿರನ್ನು ನಾನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಜಾಮೀನು ಸಿಕ್ಕು ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಬಡ ವಿಚಾರಣಾಧೀನರ ಜಾಮೀನಿಗೆ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷದ್ದು. ಇವು ಕಾಗದದ ಮೇಲಿವೆ. ಕಾಗದದಿಂದ ಜೈಲಿನ ಬಾಗಿಲವರೆಗೆ ತಲುಪಿಸಲು ಹೊರಗಿರುವ ಒಬ್ಬರು ಬೆನ್ನು ಹತ್ತಲೇಬೇಕು.

ನೀನೇ ಜಾಮೀನು ನಿಲ್ಲುವ ಮಾತು ಬಂದರೆ ಅವಸರ ಮಾಡಬೇಡ. ಅವನು ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಹಣ ನಿನ್ನ ತಲೆಗೆ ಬರುತ್ತದೆ. ಮನೆಯವರ ಜೊತೆ ಮಾತಾಡಿ, ವಕೀಲರ ಬಳಿ ತಿಳಿದುಕೊಂಡು, ಅವನ ಮೇಲೆ ನಿನಗೆ ನಂಬಿಕೆ ಇದ್ದರೆ ನಿಲ್ಲು. ಆಗುವುದಿಲ್ಲ ಎಂದರೆ ಅದನ್ನು ಅವನ ಮುಖ ನೋಡಿಯೇ ಹೇಳು. ಅಷ್ಟಕ್ಕೇ ಭೇಟಿ ನಿಲ್ಲಿಸಬೇಡ. ಗಾಜಿನ ಆಚೆ ಕೂತವರಿಗೆ ಸುಳ್ಳು ಭರವಸೆಗಿಂತ ದೊಡ್ಡ ಹಿಂಸೆ ಬೇರೆ ಇಲ್ಲ. ಮುಂದಿನ ವಾರ ಬರುತ್ತೇನೆ ಎಂದರೆ ಬರಬೇಕು. ಬರಲಾಗದಿದ್ದರೆ ಒಂದು ಕಾರ್ಡು ಬರೆದು ಹಾಕು. ಜೈಲಿಗೆ ಪತ್ರ ಹೋಗುತ್ತದೆ, ಓದಿ ನೋಡಿ ಕೊಡುತ್ತಾರೆ, ಅಷ್ಟೇ.

ಇನ್ನೊಂದು ಕೆಲಸವಿದೆ, ಅದು ನಿನ್ನಿಂದಲೇ ಆಗಬೇಕು. ಅವನ ತಾಯಿ ಊರಲ್ಲೇ ಇದ್ದಾರೆ, ನಾಚಿಕೆಯಿಂದ ಹೊರಗೇ ಬರುತ್ತಿಲ್ಲ, ಮಗನನ್ನು ಒಮ್ಮೆಯೂ ನೋಡಿಲ್ಲ ಎಂದು ಬರೆದಿದ್ದೀಯ. ಮೊದಲ ಭೇಟಿಗೆ ಒಬ್ಬನೇ ಹೋಗಿ ಎಲ್ಲ ತಿಳಿದುಕೊಂಡು ಬಾ. ಎರಡನೆಯ ಸಲ ಹಿಂದಿನ ದಿನವೇ ಊರಿಗೆ ಹೋಗಿ ಆ ತಾಯಿಯನ್ನು ಕರೆದುಕೊಂಡು ಬಾ. ಅವರ ಆಧಾರ್ ಕಾರ್ಡು ಯಾವ ಡಬ್ಬದಲ್ಲಿದೆ ಎಂದು ಈಗಲೇ ಫೋನ್ ಮಾಡಿ ಕೇಳಿಡು. ಸಾಲಿನಲ್ಲಿ ಅವರು ಕೂರಲು ಜಾಗ ನೋಡು, ನೀರಿನ ಬಾಟ್ಲಿ ಇಟ್ಟುಕೋ. ಒಳಗೆ ಹೋದ ಮೇಲೆ ನೀನು ಎರಡು ಮಾತಾಡಿ ಎದ್ದುಬಿಡು, ಉಳಿದ ಹೊತ್ತೆಲ್ಲ ಅವರಿಗೇ ಬಿಡು. ಯಾವತ್ತು ಹೊರಡುತ್ತೀರೆಂದು ತಿಳಿಸಿದರೆ ನಾನೂ ಮೆಜೆಸ್ಟಿಕ್‌ಗೆ ಬಂದು ಸೇರಿಕೊಳ್ಳುತ್ತೇನೆ.

ಇತಿ,
ನಿನ್ನ ಹಿರಿಯಕ್ಕ